ಕ್ಯಾರೊಲಪ್ಪಿನ ಎಳೆಯ ಚಿತ್ರಕಾರರು

ಪಶ್ಚಿಮ ಆಸ್ಟ್ರೇಲಿಯದಲ್ಲಿ 1905ರಲ್ಲಿ ವಿಧಿಸಲ್ಪಟ್ಟ ಶಾಸನವೊಂದು ಮೂಲನಿವಾಸಿ ಮಕ್ಕಳ ಪಾಲಕತ್ವವನ್ನು ತಾಯಿತಂದೆಯರಿಂದ ಕಸಿದು, ‘ಮುಖ್ಯ ಸಂರಕ್ಷಕ’ನೆಂಬ ಸರ್ಕಾರೀ ಅಧಿಕಾರಿಗೆ ಒಪ್ಪಿಸಿತು. ಅದರ ಬಲದಿಂದ ನೂಂಗಾರ್ ಜನಾಂಗದ ಎಷ್ಟೋ ಎಳೆಯರು ಹೆತ್ತವರಿಂದ ಅಗಲಿ, ಕಟಾನಿಂಗ್ ಪಟ್ಟಣದ ಸಮೀಪದ ಕ್ಯಾರೊಲಪ್ ವಸತಿಯನ್ನು ಸೇರಬೇಕಾಯಿತು. ತಮ್ಮ ನುಡಿಯನ್ನೂ ಬಂಧುಬಳಗವನ್ನೂ ಪಿತೃಭೂಮಿಯನ್ನೂ ಮಕ್ಕಳು ಮರೆತುಬಿಡಬೇಕೆಂಬುದೇ ಆ ವ್ಯವಸ್ಥೆಯ ಆಶಯವಾಗಿದ್ದಿತು.

1946ರಲ್ಲಿ ಅಲ್ಲಿಯ ಶಾಲೆಗೆ ಬಂದ ನೋಯೆಲ್ ವೈಟ್ ಎಂಬ ಉಪಾಧ್ಯಾಯರು ಮಕ್ಕಳನ್ನು ಕಾಡಿನಲ್ಲಿ ಸುತ್ತಾಡಿಸಿ, ಹಿಂದಿರುಗಿದ ಮೇಲೆ ಕಂಡುದನ್ನು ನೆನಪಿನಿಂದಲೇ ಚಿತ್ರಿಸಲು ಹೇಳುತ್ತಿದ್ದರು. ಮರೆವನ್ನು ಕಲಿಸುವುದಕ್ಕಾಗಿ ಕಟ್ಟಿದ ಸ್ಥಳದಲ್ಲಿ ಸ್ಮೃತಿಯೇ ಪಾಠವಾದುದು ಸಾಮಾನ್ಯ ಸಂಗತಿಯಲ್ಲ. ಆ ಹಾಳೆಗಳಲ್ಲಿ ಕೆಂಪೂ ಕಿತ್ತಳೆಯೂ ಬೆರೆತ ಸಂಜೆಯ ಆಕಾಶಕ್ಕೆ ಎದುರಾಗಿ ಮರಗಳು ಕಪ್ಪಾಗಿ ನಿಂತಿವೆ. ಅವುಗಳ ನೆರಳು ನೆಲದ ಮೇಲೆ ಉದ್ದಕ್ಕೆ ಚಾಚಿದೆ. ಎಲ್ಲೋ ಒಂದು ಕಾಂಗರೂ ನೆಗೆಯುತ್ತಿದೆ, ಎಲ್ಲೋ ಬೇಟೆಗಾರರು ಈಟಿ ಹಿಡಿದಿದ್ದಾರೆ. ಬಣ್ಣದ ಸೀಮೆಸುಣ್ಣದಿಂದ ಇವನ್ನು ಬಿಡಿಸಿದ ರೆವೆಲ್ ಕೂಪರ್, ಪಾರ್ನೆಲ್ ಡೆಂಪ್ಸ್ಟರ್, ರೆನಾಲ್ಡ್ ಹಾರ್ಟ್ ಮೊದಲಾದವರು ಆಗಿನ್ನೂ ಹುಡುಗರು. ತಮ್ಮಿಂದ ಕಸಿದುಕೊಂಡ ನೆಲವನ್ನು ಅವರು ಮರಮರವಾಗಿ ಬಲ್ಲವರಾಗಿದ್ದರೆಂಬುದಕ್ಕೆ ಇದಕ್ಕಿಂತ ಮಿಗಿಲಾದ ಸಾಕ್ಷ್ಯವನ್ನು ನಾನು ಕಾಣೆ.

1949ರಲ್ಲಿ ಅಲ್ಲಿಗೆ ಬಂದ ಫ್ಲಾರೆನ್ಸ್ ರಟರ್ ಎಂಬ ಆಂಗ್ಲ ಮಹಿಳೆ ಚಿತ್ರಗಳನ್ನು ಯೂರೋಪಿಗೆ ಒಯ್ದು ಪ್ರದರ್ಶಿಸಿದಳು. ಕೀರ್ತಿ ಹೀಗೆ ಸಮುದ್ರ ದಾಟುತ್ತಿರುವಾಗಲೇ ಶಾಲೆಯನ್ನು ಮುಚ್ಚಿದರು. ಈ ನಿರ್ದಯತೆಯನ್ನು ಕ್ಷಮಿಸುವುದು ನನಗೆ ಸಾಧ್ಯವಾಗದು. ಕೂಪರ್ ಮುಂದೆ ಫ್ರೀಮ್ಯಾಂಟಲ್ ಸೆರೆಮನೆಯಲ್ಲಿದ್ದಾಗಲೂ ಚಿತ್ರ ಬರೆಯುವುದನ್ನು ಬಿಡದೆ, 1983ರಲ್ಲಿ ತೀರಿಕೊಂಡನು.

ರಟರ್ ಸಂಗ್ರಹವು ಹರ್ಬರ್ಟ್ ಮೇಯರ್ ಎಂಬ ಅಮೆರಿಕನ್ನನ ಕೈಸೇರಿ, ಅವನ ದಾನದಿಂದ ನ್ಯೂಯಾರ್ಕ್ ಸಂಸ್ಥಾನದ ಕೋಲ್ಗೇಟ್ ವಿಶ್ವವಿದ್ಯಾಲಯವನ್ನು ಸೇರಿ, ಅಲ್ಲಿ ದಶಕಗಳ ಕಾಲ ಯಾರ ಲಕ್ಷ್ಯಕ್ಕೂ ಬಾರದೆ ಉಳಿದಿದ್ದಿತು. ಮಾನವಶಾಸ್ತ್ರಜ್ಞ ಹೋವರ್ಡ್ ಮಾರ್ಫಿ ಅದನ್ನು 2004ರಲ್ಲಿ ಗುರುತಿಸಿದರು. ಹೀಗೆ ಹೆತ್ತವರಿಂದ ಕಸಿಯಲ್ಪಟ್ಟ ಮೂಲನಿವಾಸಿ ಮಕ್ಕಳ, ಎಂದರೆ ‘ಅಪಹೃತ ಪೀಳಿಗೆ’ಗಳ, ಕ್ಷಮೆಯನ್ನು ಆಸ್ಟ್ರೇಲಿಯದ ಪ್ರಧಾನಿ ಕೆವಿನ್ ರಡ್ 2008ರ ಫೆಬ್ರುವರಿ 13ರಂದು ಪಾರ್ಲಿಮೆಂಟಿನಲ್ಲಿ ಯಾಚಿಸಿದಾಗಲೂ ಚಿತ್ರಗಳು ಅಮೆರಿಕೆಯಲ್ಲಿಯೇ ಇದ್ದುವು. 2013ರಲ್ಲಿ ನೂರಕ್ಕೂ ಮಿಕ್ಕ ಚಿತ್ರಗಳು ನೂಂಗಾರರ ನೆಲದಲ್ಲಿರುವ ಪರ್ತ್ ನಗರದ ಕರ್ಟಿನ್ ವಿಶ್ವವಿದ್ಯಾಲಯಕ್ಕೆ ಮರಳಿದುವು. ಅಜ್ಜಂದಿರು ಎಳವೆಯಲ್ಲಿ ಬರೆದುದನ್ನು ಮೊಮ್ಮಕ್ಕಳು ಈಗ ಅಲ್ಲಿಯೇ ನೋಡಬಹುದು.