ಕಲ್ಲಿನ ಬಿರುಕಿನಲ್ಲಿ ನೀರಿನ ಜಾಡು

ಮೈಸೂರಿನಿಂದ ಹುಣಸೂರಿನ ಕಡೆ ಹೊರಟರೆ ರಿಂಗ್ ರಸ್ತೆ ಅಡ್ಡಬರುವಲ್ಲಿ ಸಿಗುವ ಊರು ಹಿನಕಲ್. ದಕ್ಷಿಣ ಕರ್ನಾಟಕದ ಬಹುಭಾಗದಂತೆ ಈ ಸೀಮೆಯ ತಳದಲ್ಲಿರುವುದೂ ಮುಖ್ಯವಾಗಿ ನೈಸ್ ಎಂಬ ಪುರಾತನ ಗಟ್ಟಿ ಶಿಲೆ. ಮರಳು ನೆಲದಲ್ಲಿ ನೀರು ಎಲ್ಲೆಡೆ ಹರಡಿಕೊಂಡಿರುತ್ತದೆ. ಇಲ್ಲಿ ಮೇಲಿನ ಶಿಥಿಲ ಪದರ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಅದರಡಿಯ ಬಿರುಕುಗಳು ಸಾಗಿಸುತ್ತವೆ. ಒಂದು ಸೈಟಿನ ಕೊಳವೆಬಾವಿಯಲ್ಲಿ ನೀರು ಉಕ್ಕಿ, ಪಕ್ಕದ ಸೈಟಿನಲ್ಲಿ ಬರೀ ಕಲ್ಲುಪುಡಿ ಹಾರುವುದು ಇದರಿಂದಲೇ. ಕಾಣದ ಈ ಹರಿವನ್ನು ಹಿಂಬಾಲಿಸಲು ವಿಜ್ಞಾನಿಗಳು ನೀರಿನಲ್ಲಿ ಕರಗಿರುವುದನ್ನೇ ಓದತೊಡಗಿದರು.

ನೀರಿನ ಪರೀಕ್ಷೆ ಎಂದರೆ ಮೊದಲು ಇದ್ದದ್ದು ಕುಡಿಯಲು, ಬೆಳೆಗೆ ಯೋಗ್ಯವೇ ಎಂಬ ಪ್ರಶ್ನೆ. 1944ರಲ್ಲಿ ಪೈಪರ್ ರೂಪಿಸಿದ ನಕ್ಷೆ ಕರಗಿದ ಲವಣಗಳ ಪ್ರಮಾಣದಿಂದ ನೀರುಗಳನ್ನು ಗುಂಪು ಮಾಡಿತು. ಎರಡು ನೀರು ಬೆರೆತ ಗುರುತೂ ಅದರಲ್ಲಿ ಕಾಣತೊಡಗಿತು. 1967ರಲ್ಲಿ ಗ್ಯಾರೆಲ್ಸ್ ಮತ್ತು ಮೆಕೆಂಜಿ, ಅಮೆರಿಕದ ಸಿಯೆರಾ ನೆವಾಡದ ಒರತೆಗಳ ನೀರಿನಿಂದ ಹಿಂದಕ್ಕೆ ಲೆಕ್ಕ ಹಾಕಿ, ಯಾವ ಖನಿಜ ಎಷ್ಟು ಕರಗಿದೆ ಎಂದು ತೋರಿಸಿದರು. ಕಲ್ಲಿನೊಡನೆ ಹೆಚ್ಚು ಕಾಲ ಕಳೆದ ನೀರಿನಲ್ಲಿ ಸಾಮಾನ್ಯವಾಗಿ ಸೋಡಿಯಂ, ಕ್ಯಾಲ್ಸಿಯಂ, ಸಿಲಿಕಾ ಹೆಚ್ಚು.

ಈ ನಡುವೆ ಕಾಲವನ್ನೂ ಮೂಲವನ್ನೂ ಹೇಳುವ ಸಾಧನಗಳು ಬಂದವು. ಮಳೆನೀರಿನ ಆಮ್ಲಜನಕ, ಜಲಜನಕಗಳ ಸಮಸ್ಥಾನಿಗಳ, ಅಂದರೆ ಬೇರೆ ಬೇರೆ ತೂಕದ ಪರಮಾಣುಗಳ, ಪ್ರಮಾಣಗಳು ನಕ್ಷೆಯಲ್ಲಿ ಒಂದೇ ಸರಳರೇಖೆಯಲ್ಲಿ ನಿಲ್ಲುತ್ತವೆಂದು 1961ರಲ್ಲಿ ಹಾರ್ಮನ್ ಕ್ರೇಗ್ ತೋರಿಸಿದರು. ಕೆರೆ, ಜಲಾಶಯಗಳಲ್ಲಿ ಬಿಸಿಲಿಗೆ ಒಂದಷ್ಟು ಆವಿಯಾಗಿ ಉಳಿದ ನೀರು ಆ ರೇಖೆಯಿಂದ ಸರಿಯುತ್ತದೆ. ಅಣುಬಾಂಬ್ ಪರೀಕ್ಷೆಗಳಿಂದ ಮಳೆಗೆ ಸೇರಿದ ವಿಕಿರಣಶೀಲ ಜಲಜನಕ ಟ್ರಿಷಿಯಂನ ಅರ್ಧಾಯು ಸುಮಾರು 12.3 ವರ್ಷ, ಹೊಸ ನೀರನ್ನು ಹಳೆಯದರಿಂದ ಬೇರ್ಪಡಿಸಲು ಅದು ನೆರವಾಯಿತು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಮಣ್ಣಿಗೇ ಟ್ರಿಷಿಯಂ ಸೇರಿಸಿ, ದೇಶದ ಹಲವೆಡೆ ಮಳೆನೀರು ಇಂಗುವ ಪ್ರಮಾಣವನ್ನು ಅಳೆಯಿತು. ಕ್ಲೋರೈಡ್ ಲೆಕ್ಕ ಇನ್ನೂ ಸರಳ. ಆವಿಯಾಗುವ ನೀರು ಕ್ಲೋರೈಡನ್ನು ಒಯ್ಯುವುದಿಲ್ಲ. ಅಂತರ್ಜಲದಲ್ಲಿ ಅದು ಮಳೆಗಿಂತ ಇಪ್ಪತ್ತು ಪಟ್ಟಿದ್ದರೆ, ಇಂಗಿದ್ದು ಮಳೆಯ ಇಪ್ಪತ್ತರಲ್ಲಿ ಒಂದು ಪಾಲು.

ಈ ಲೆಕ್ಕ ನಮ್ಮ ಕಬಿನಿ ಕೊಳ್ಳದಲ್ಲೇ ಪರೀಕ್ಷೆಗೆ ಒಳಗಾಯಿತು. ಬಂಡೀಪುರದ ಕಾಡಿನೊಳಗೆ, ಮೂಲೆಹೊಳೆಯ ಸುಮಾರು ನಾಲ್ಕು ಚದರ ಕಿಲೋಮೀಟರ್ ಜಲಾನಯನದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಇಂಡೋ-ಫ್ರೆಂಚ್ ತಂಡ ಮಳೆ, ತೊರೆ, ಬಾವಿಗಳನ್ನು ಬಿಡದೆ ಅಳೆಯಿತು. 2003ರಿಂದ 2006ರವರೆಗಿನ ದತ್ತಾಂಶದಿಂದ ಮರೆಶಾಲ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಂದಾಜು: ನೇರವಾಗಿ ಇಂಗುವುದು ವರ್ಷಕ್ಕೆ 45 ಮಿಲಿಮೀಟರ್, ತೊರೆಯ ತಳದಿಂದ ಇನ್ನೂ 30. ಸಾವಿರ ಮಿಲಿಮೀಟರ್ ಮೀರುವ ಮಳೆಯಲ್ಲಿ ನೆಲದಾಳಕ್ಕೆ ದಕ್ಕುವುದು ಇಷ್ಟೇ. ಹೆಚ್ಚಿನ ಪಾಲನ್ನು ಮರಗಳು ಹೀರಿ ಗಾಳಿಗೆ ಬಿಡುತ್ತವೆ.

ಕಾಡಿನಾಚೆ, ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿಯಲ್ಲಿ ಇದೇ ಲೆಕ್ಕ ತೊಡಕಾಯಿತು. ಅಲ್ಲಿ ಸುಮಾರು ಇನ್ನೂರು ಕೊಳವೆಬಾವಿಗಳ ನೀರನ್ನು ಪರೀಕ್ಷಿಸಿದ ಭುವನೇಶ್ವರಿ ಮತ್ತು ಸಂಗಡಿಗರು 2017ರಲ್ಲಿ ನೈಟ್ರೇಟ್ ಬಗ್ಗೆ, 2020ರಲ್ಲಿ ಲವಣದ ಬಗ್ಗೆ ಬರೆದರು. ಹೊಲಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರವೇ ಕ್ಲೋರೈಡ್ ತರುತ್ತದೆ. ಅದೇ ನೀರನ್ನು ಎತ್ತಿ ಮತ್ತೆ ಹೊಲಕ್ಕೆ ಬಿಟ್ಟಾಗ ಉಪ್ಪು ಹೆಚ್ಚುತ್ತ ಹೋಗುತ್ತದೆ. ಮನುಷ್ಯ ಸೇರಿಸಿದ್ದು ಎಷ್ಟೆಂದು ತಿಳಿಯಬೇಕಾದರೆ, ಮನುಷ್ಯ ಮುಟ್ಟದ ನೆಲದ ನೀರು ಹೇಗಿರುತ್ತದೆಂದು ಮೊದಲು ಗೊತ್ತಿರಬೇಕು. ಮೂಲೆಹೊಳೆಯಂಥ ತಾಣಗಳ ಬೆಲೆ ಇರುವುದು ಇಲ್ಲಿಯೇ.

ಬಿರುಕು ಶಿಲೆಯ ಕಷ್ಟ ಇನ್ನೂ ಉಳಿದಿದೆ. ಒಂದೇ ಕೊಳವೆಬಾವಿಗೆ ಹಲವು ಆಳದ ಬಿರುಕುಗಳಿಂದ ಹೊಸ ನೀರೂ ಹಳೆಯ ನೀರೂ ಬಂದು ಬೆರೆಯುತ್ತವೆ. ಬಾಟಲಿಯಲ್ಲಿ ಸಿಗುವುದು ಆ ಮಿಶ್ರಣ. ಆದ್ದರಿಂದ ಈಗ ಆಳ ಆಳಕ್ಕೂ ಲವಣಾಂಶ ಅಳೆಯುವ, ಹಲವು ಬಾವಿಗಳನ್ನು ಋತುಋತುವಿಗೂ ನೋಡುವ, ರಸಾಯನದ ಜೊತೆ ನೀರಿನ ಮಟ್ಟವನ್ನೂ ಇಟ್ಟು ತಾಳೆ ಹಾಕುವ ಪದ್ಧತಿ ಬಲಗೊಳ್ಳುತ್ತಿದೆ.

ಹಳ್ಳಿಯಾಗಿದ್ದು ನಗರದೊಳಗೆ ಸೇರಿಹೋದ ಹಿನಕಲ್‌ನಂಥ ಊರುಗಳಿಗೆ ಈ ವಿದ್ಯೆ ತುರ್ತಾಗಿ ಬೇಕು. ಇಂಥಲ್ಲಿ ನೆಲಕ್ಕಿಳಿಯುವುದು ಮಳೆಯೊಂದೇ ಅಲ್ಲ, ಚರಂಡಿ ಮತ್ತು ನಲ್ಲಿ ಪೈಪಿನ ಸೋರಿಕೆಯೂ ಹೌದು. ನೈಟ್ರೇಟ್, ಕ್ಲೋರೈಡ್ ಜೊತೆಯಾಗಿ ಏರಿದರೆ ಮೊದಲು ಚರಂಡಿಯನ್ನು ಶಂಕಿಸಬೇಕು. ಆವಿಯಾಗಿ ಉಳಿದ ನೀರಿನ ಸಮಸ್ಥಾನಿ ಗುರುತು ಕಂಡರೆ ಕೆರೆ ಅಥವಾ ಜಲಾಶಯದ ನೀರನ್ನು. ನೀರು ಬತ್ತಿದಾಗಲೆಲ್ಲ ಇನ್ನೂ ಆಳಕ್ಕೆ ಕೊರೆಯುವ ಮೊದಲು, ಇರುವ ಬಾವಿಗಳ ನೀರು ಎಲ್ಲಿಂದ ಬರುತ್ತಿದೆ ಎಂದು ಕೇಳುವುದು ಅಗ್ಗ. ಉತ್ತರ ಪಡೆಯುವ ವಿದ್ಯೆ ನಮ್ಮ ಕೊಳ್ಳದಲ್ಲೇ ಪಳಗಿದೆ.