ಸರದಿ

1988ರ ಫೆಬ್ರವರಿ 10, ಬುಧವಾರ. ಟೋಕಿಯೋದಲ್ಲಿ ಎಲೆಕ್ಟ್ರಾನಿಕ್ ಸಾಮಾನುಗಳ ದೊಡ್ಡ ಅಂಗಡಿಗಳ ಬಾಗಿಲು ಇನ್ನೂ ತೆರೆದಿರಲಿಲ್ಲ. ಆಗಲೇ ಅವುಗಳ ಮುಂದೆ ಜನ ಸಾಲುಗಟ್ಟಿದ್ದರು. ಹಿಂದಿನ ರಾತ್ರಿಯೇ ಬಂದು ಚಳಿಯಲ್ಲಿ ಕಾದವರೂ ಇದ್ದರು. ಕಚೇರಿಗೆ ಹೋಗಬೇಕಾದವರು, ಕಾಲೇಜು ಹುಡುಗರು, ಶಾಲೆ ತಪ್ಪಿಸಿ ಬಂದ ಮಕ್ಕಳು. ಮಕ್ಕಳನ್ನು ಪೊಲೀಸರು ಹಿಡಿದು ಬುದ್ಧಿ ಹೇಳಬೇಕಾಯಿತು. ಅಷ್ಟೂ ಜನ ಕಾಯುತ್ತಿದ್ದದ್ದು ಅಂಗೈಯಗಲದ ಒಂದು ಪ್ಲಾಸ್ಟಿಕ್ ಕಾರ್ಟ್ರಿಜ್‌ಗಾಗಿ: ಡ್ರ್ಯಾಗನ್ ಕ್ವೆಸ್ಟ್ 3. ಮೊದಲ ದಿನವೇ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ಅಂಗಡಿಯಿಂದ ಹೊರಬಂದ ಚಿಕ್ಕ ಮಕ್ಕಳನ್ನು ಅಡ್ಡಗಟ್ಟಿ ಆಟವನ್ನು ಕಿತ್ತುಕೊಳ್ಳುವ ದೊಡ್ಡ ಹುಡುಗರ ಸುದ್ದಿಯೂ ಪತ್ರಿಕೆಗಳಲ್ಲಿ ಬಂತು.

ಆ ಬುಧವಾರದಿಂದ ಒಂದು ದಂತಕತೆ ಹುಟ್ಟಿತು. ಡ್ರ್ಯಾಗನ್ ಕ್ವೆಸ್ಟ್ ಆಟಗಳನ್ನು ಶಾಲೆ, ಕಚೇರಿ ಇರುವ ದಿನ ಬಿಡುಗಡೆ ಮಾಡಬಾರದೆಂದು ಜಪಾನಿನ ಸಂಸತ್ತು ಕಾನೂನು ಮಾಡಿದೆ ಎಂದು ಇವತ್ತಿಗೂ ಹೇಳುವವರಿದ್ದಾರೆ. ಅಂಥ ಕಾನೂನು ಯಾವುದೂ ಇಲ್ಲ. ಪ್ರಕಾಶಕರಾದ ಎನಿಕ್ಸ್ ಕಂಪನಿಯೇ ಮುಂದಿನ ಆಟಗಳನ್ನು ರಜೆಯ ದಿನಕ್ಕೆ ಇಟ್ಟುಕೊಂಡಿತು. ನಾಲ್ಕನೆಯದು 1990ರ ಫೆಬ್ರವರಿ 11ರ ಭಾನುವಾರ ಬಂತು, ಐದನೆಯದು 1992ರ ಸೆಪ್ಟೆಂಬರ್ 27ರ ಭಾನುವಾರ. ಆದರೂ ಕಾನೂನಿನ ಕತೆಯನ್ನು ಜನ ನಂಬಿದರು, ಯಾಕೆಂದರೆ ಆ ಸಾಲನ್ನು ನೋಡಿದವರಿಗೆ ಅದು ನಂಬುವ ಹಾಗೇ ಇತ್ತು.

ಕನ್ನಡದಲ್ಲಿ ಅಂಗಡಿಯ ಮುಂದಿನ ಸಾಲಿಗೂ ‘ಸರದಿ’ ಅನ್ನುತ್ತೇವೆ, ಚೌಕಾಬಾರದಲ್ಲಿ ಕವಡೆ ಕೈಗೆ ಬರುವ ಗಳಿಗೆಗೂ ‘ಸರದಿ’ ಅನ್ನುತ್ತೇವೆ. ಈ ಆಟದ ಚರಿತ್ರೆಯನ್ನು ಓದುವಾಗ ನನಗೆ ಮತ್ತೆ ಮತ್ತೆ ನೆನಪಾಗುವುದು ಈ ಒಂದು ಪದ. ಅಂಗಡಿಯ ಹೊರಗೆ ಸರದಿಗಾಗಿ ನಿಂತವರು ಮನೆಗೆ ಹೋಗಿ ಆಡುತ್ತಿದ್ದದ್ದೂ ಸರದಿಯ ಯುದ್ಧವನ್ನೇ. ನೀನು ಹೊಡೆ, ಆಮೇಲೆ ನಾನು. ನೀನು ಯೋಚಿಸುವವರೆಗೆ ರಾಕ್ಷಸ ಕಾಯುತ್ತಾನೆ. ಮೂವತ್ತೈದಕ್ಕೂ ಹೆಚ್ಚು ವರ್ಷಗಳಿಂದ ಪ್ರತಿ ಹೊಸ ಡ್ರ್ಯಾಗನ್ ಕ್ವೆಸ್ಟ್‌ಗೆ ಜನ ಕಾದಾಗಲೂ ಒಳಗೊಳಗೇ ಕೇಳಿಕೊಂಡ ಪ್ರಶ್ನೆ ಇದು: ಈ ಸಲವೂ ರಾಕ್ಷಸ ಕಾಯುತ್ತಾನೆಯೇ?

ಕಾಯುವ ಶತ್ರು ವಿಡಿಯೋ ಗೇಮ್‌ಗಳ ಆವಿಷ್ಕಾರವಲ್ಲ. 1824ರಲ್ಲಿ ಪ್ರಷ್ಯಾದ ಸೇನಾಧಿಕಾರಿ ರೈಸ್ವಿಟ್ಜ್, ತನ್ನ ತಂದೆ ಶುರುಮಾಡಿದ್ದ ಯುದ್ಧದಾಟವೊಂದನ್ನು ತಿದ್ದಿ ಸೈನ್ಯಕ್ಕೆ ಒಪ್ಪಿಸಿದ. ನಕಾಶೆಯ ಮೇಲೆ ತುಕಡಿಗಳು, ದಾಳ, ಒಬ್ಬ ತೀರ್ಪುಗಾರ. ಪ್ರತಿ ಸುತ್ತು ನಿಜವಾದ ಯುದ್ಧದ ಎರಡು ನಿಮಿಷಕ್ಕೆ ಸಮ. ಗದ್ದಲವನ್ನು ತುಂಡು ತುಂಡಾಗಿ ಕತ್ತರಿಸಿ ಮೇಜಿನ ಮೇಲಿಟ್ಟುಕೊಂಡು ಯೋಚಿಸುವುದು ಅದರ ಉದ್ದೇಶ. ಆ ಪರಂಪರೆಯ ಮೊಮ್ಮಗು 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ತುಕಡಿಯ ಜಾಗದಲ್ಲಿ ಒಬ್ಬೊಬ್ಬ ವ್ಯಕ್ತಿಯನ್ನು ತಂದು ನಿಲ್ಲಿಸಿದರು. 1981ರಲ್ಲಿ ಬಂದ ‘ವಿಜಾರ್ಡ್ರಿ’ ಅದನ್ನು ಆಪಲ್ 2 ಕಂಪ್ಯೂಟರಿನೊಳಕ್ಕೆ ಇಳಿಸಿತು. ಆರು ಜನರಿಗೂ ಮೊದಲೇ ಆಜ್ಞೆ ಕೊಟ್ಟು, ಆಮೇಲೆ ಏನಾಯಿತೆಂದು ಓದಬೇಕು.

ಯೂಜಿ ಹೋರಿಯಿ ಎಂಬ ಯುವಕ ಈ ವಿಜಾರ್ಡ್ರಿಯನ್ನು ಕಂಡದ್ದು 1983ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಆಪಲ್ ಮೇಳದಲ್ಲಿ. ಎನಿಕ್ಸ್ ನಡೆಸಿದ್ದ ಸ್ಪರ್ಧೆಯೊಂದರಲ್ಲಿ ಅವನ ಟೆನಿಸ್ ಆಟಕ್ಕೆ ಬಹುಮಾನ ಬಂದಿತ್ತು. ಅದರಿಂದಲೇ ಆ ಪ್ರವಾಸ. ಜೊತೆಯಲ್ಲಿ ಕೋಯಿಚಿ ನಕಾಮುರಾ ಎಂಬ ಇನ್ನೊಬ್ಬ ಹುಡುಗನೂ ಇದ್ದ. ಹೋರಿಯಿ ಇಂಜಿನಿಯರ್ ಅಲ್ಲ, ಪತ್ರಿಕೆಗಳಿಗೆ ಬರೆಯುತ್ತಿದ್ದವನು. ಮುಂದೆ ಆದದ್ದನ್ನು ತಿಳಿಯಲು ಇದನ್ನು ಮರೆಯಬಾರದು.

ಅದೇ ವರ್ಷ ಅವನು ಪತ್ತೇದಾರಿ ಆಟವೊಂದನ್ನು ಬರೆದ: ‘ಪೋರ್ಟೋಪಿಯಾ ಸರಣಿ ಕೊಲೆ ಪ್ರಕರಣ’. ಅದರಲ್ಲಿ ಆಡುವವನು ಕೀಲಿಮಣೆಯಲ್ಲಿ ಕ್ರಿಯಾಪದಗಳನ್ನು ಟೈಪ್ ಮಾಡಬೇಕಿತ್ತು. ಕಷ್ಟವೆಂದರೆ, ಯಾವ ಕ್ರಿಯಾಪದ ಕಂಪ್ಯೂಟರಿಗೆ ಅರ್ಥವಾಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ‘ಹುಡುಕು’ ಎಂದರೆ ಸುಮ್ಮನಿರುವ ಯಂತ್ರ ‘ನೋಡು’ ಎಂದರೆ ಕೊಲೆಗಾರನ ಸುಳಿವು ಕೊಡಬಹುದು. 1985ರಲ್ಲಿ ಆ ಆಟವನ್ನು ನಿಂಟೆಂಡೋದ ಫ್ಯಾಮಿಕಾಮ್ ಯಂತ್ರಕ್ಕೆ ತರುವಾಗ ಕೀಲಿಮಣೆಯೇ ಇರಲಿಲ್ಲ. ಇದ್ದದ್ದು ಎರಡು ಗುಂಡಿ, ಒಂದು ದಿಕ್ಕಿನ ಫಲಕ. ಹಾಗಾಗಿ ಕ್ರಿಯಾಪದಗಳೆಲ್ಲ ಪರದೆಯ ಪಕ್ಕದ ಪಟ್ಟಿಯೊಂದರಲ್ಲಿ ಬಂದು ಕೂತವು. ಮಾಡಬಹುದಾದದ್ದೆಲ್ಲ ಕಣ್ಣೆದುರಿಗಿದೆ, ಆರಿಸಿಕೋ ಅಷ್ಟೇ.

ಡ್ರ್ಯಾಗನ್ ಕ್ವೆಸ್ಟ್‌ನ ಯುದ್ಧ ಈ ಪಟ್ಟಿಯಿಂದ ಹುಟ್ಟಿದ್ದು. 1986ರ ಮೇ 27ರಂದು ಬಂದ ಮೊದಲ ಆಟದಲ್ಲಿ ಒಬ್ಬ ನಾಯಕ, ಒಮ್ಮೆಗೆ ಒಂದು ಶತ್ರು. ಹೊಡೆ, ಮಂತ್ರ ಹಾಕು, ವಸ್ತು ಬಳಸು, ಓಡು. ನಾಯಕ ಪರದೆಯ ಮೇಲೆ ಕಾಣುವುದೇ ಇಲ್ಲ. ಅಕಿರಾ ತೊರಿಯಾಮಾ ಬರೆದ, ಹನಿಯಾಕಾರದ ನಗುಮುಖದ ಸ್ಲೈಮ್ ನಮ್ಮನ್ನೇ ನೋಡುತ್ತಿರುತ್ತದೆ. ಕತ್ತಿ ಬೀಸಿದ್ದನ್ನು ನಾವು ನೋಡುವುದಿಲ್ಲ, ಬೀಸಿತೆಂದು ಓದುತ್ತೇವೆ. ಎಷ್ಟು ಪೆಟ್ಟಾಯಿತೆಂದು ಓದುತ್ತೇವೆ. ಕೆಳಗಿನ ಚೌಕದಲ್ಲಿ ಅಕ್ಷರಗಳು ಒಂದೊಂದಾಗಿ ಟಿಕ್ ಟಿಕ್ ಎನ್ನುತ್ತ ಮೂಡುತ್ತವೆ. ಸತ್ತರೂ ಅದು ಒಂದು ವಾಕ್ಯದಲ್ಲೇ ತಿಳಿಯುವುದು. ಹೀಗೆ ಪೂರ್ತಿ ವಾಕ್ಯಗಳಲ್ಲೇ ನಡೆಯುವ ಯುದ್ಧ ನಮ್ಮ ಕಾವ್ಯ ಪರಂಪರೆಯವರಿಗೆ ಹೊಸದಲ್ಲ, ಬಿಡಿ.

ಇದರ ಹಿಂದೆ ಬಡತನವೂ ಇತ್ತು. ಇಡೀ ಆಟ ಕೂತದ್ದು 64 ಕಿಲೋಬೈಟ್‌ನಲ್ಲಿ. ಇವತ್ತು ಫೋನಿನಲ್ಲಿ ಕಳಿಸುವ ಒಂದು ಶುಭೋದಯದ ಚಿತ್ರಕ್ಕೂ ಅದು ಸಾಲದು. ಜಾಗ ಉಳಿಸಲು ಕಟಕಾನಾ ಲಿಪಿಯಲ್ಲಿ ಇಪ್ಪತ್ತರಷ್ಟು ಅಕ್ಷರಗಳನ್ನು ಮಾತ್ರ ಇಟ್ಟುಕೊಂಡರು. ರಾಕ್ಷಸರ ಹೆಸರುಗಳನ್ನೂ ಮಂತ್ರಗಳ ಹೆಸರುಗಳನ್ನೂ ಆ ಅಕ್ಷರಗಳೊಳಗೇ ಹೊಂದಿಸಬೇಕಾಯಿತು. ಛಂದಸ್ಸಿನ ಕಟ್ಟಿಗೆ ಪದ ಹುಡುಕಿದವರಿಗೆ ಆ ಕಷ್ಟ ಗೊತ್ತು.

ಮೊದಲ ಆಟ ಮೊದಮೊದಲು ನಿಧಾನವಾಗಿಯೇ ಮಾರಾಟವಾಯಿತು. ಕಾಯುವ ಜನರನ್ನು ಸೃಷ್ಟಿಸಿದ್ದು ‘ಶೋನೆನ್ ಜಂಪ್’ ಎಂಬ ವಾರಪತ್ರಿಕೆ. ಲಕ್ಷಗಟ್ಟಲೆ ಹುಡುಗರು ಓದುತ್ತಿದ್ದ ಈ ಮಾಂಗಾ ಪತ್ರಿಕೆಯಲ್ಲಿ ಹೋರಿಯಿ ಆಟಗಳ ಅಂಕಣ ಬರೆಯುತ್ತಿದ್ದ. ಅಲ್ಲಿನ ಸಂಪಾದಕ ಕಜುಹಿಕೋ ತೊರಿಶಿಮಾ ಅವನನ್ನು ತೊರಿಯಾಮಾಗೆ ಪರಿಚಯಿಸಿದ್ದ. ಧಾರಾವಾಹಿಯ ಮುಂದಿನ ಕಂತಿಗೆ ಕಾಯುವ ಅಭ್ಯಾಸವಿದ್ದ ಓದುಗರು ಹೊಸ ಆಟಕ್ಕೂ ಹಾಗೇ ಕಾಯತೊಡಗಿದರು. 1987ರ ಜನವರಿಯಲ್ಲಿ ಎರಡನೆಯ ಆಟ, ಮೂವರು ಗೆಳೆಯರು. ಮೂರನೆಯದರಲ್ಲಿ ನಾಲ್ವರು, ಅವರ ವೃತ್ತಿಯನ್ನೂ ಬದಲಿಸಬಹುದು. ಗುಂಪು ಬೆಳೆಯಿತು, ಪಟ್ಟಿ ಹಾಗೇ ಉಳಿಯಿತು.

ನಾಲ್ಕನೆಯದರಲ್ಲಿ ಹೋರಿಯಿ ಪಟ್ಟಿಗೆ ಕೈ ಹಾಕಿದ. ಆಟದ ಕೊನೆಯ ಭಾಗದಲ್ಲಿ ನಾಯಕನೊಬ್ಬನಿಗೆ ಮಾತ್ರ ನಾವು ಆಜ್ಞೆ ಕೊಡಬಹುದು. ಉಳಿದವರಿಗೆ ಒಂದು ಸಾಮಾನ್ಯ ತಂತ್ರ ಹೇಳಿದರೆ ಅವರವರ ಬುದ್ಧಿಯಂತೆ ಹೋರಾಡುತ್ತಾರೆ. ಕತೆಯ ದೃಷ್ಟಿಯಿಂದ ಇದು ನ್ಯಾಯವೇ, ಅವರು ಗೆಳೆಯರು, ಕೈಗೊಂಬೆಗಳಲ್ಲ. ಆದರೆ ಕ್ಲಿಫ್ಟ್ ಎಂಬ ಪೂಜಾರಿ, ಸಾವಿನ ಮಂತ್ರ ತಗುಲದ ದೊಡ್ಡ ರಾಕ್ಷಸರ ಮೇಲೂ ಅದೇ ಮಂತ್ರವನ್ನು ಹಟ ಹಿಡಿದು ಜಪಿಸುತ್ತಿದ್ದ. ಪಕ್ಕದಲ್ಲಿ ನಾಯಕ ಸಾಯುತ್ತಿದ್ದರೂ ಸರಿ. ಜಪಾನಿನಲ್ಲಿ ಅವನು ಇವತ್ತಿಗೂ ಹಾಸ್ಯದ ವಸ್ತು. ಐದನೆಯ ಆಟದಲ್ಲಿ ಎಲ್ಲರಿಗೂ ಆಜ್ಞೆ ಕೊಡುವ ಆಯ್ಕೆ ಮರಳಿತು.

ಅಷ್ಟರಲ್ಲಿ ಪ್ರತಿಸ್ಪರ್ಧಿ ಸರಣಿ ಬೇರೆ ದಾರಿ ಹಿಡಿದಿತ್ತು. 1991ರ ಜುಲೈನಲ್ಲಿ ಬಂದ ಫೈನಲ್ ಫ್ಯಾಂಟಸಿ 4ರಲ್ಲಿ ಹಿರೋಯುಕಿ ಇತೋ ಸರದಿಯೊಳಕ್ಕೇ ಗಡಿಯಾರ ತಂದ. ಫಾರ್ಮುಲಾ ಒನ್ ಓಟದಲ್ಲಿ ವೇಗದ ಕಾರು ನಿಧಾನದ ಕಾರನ್ನು ಹಿಂದಿಕ್ಕುವುದನ್ನು ಕಂಡು ಹೊಳೆದ ಉಪಾಯವಂತೆ. ಪ್ರತಿಯೊಬ್ಬನ ಸಮಯವೂ ಅವನವನ ವೇಗದಲ್ಲಿ ತುಂಬುತ್ತದೆ. ನೀವು ಪಟ್ಟಿ ನೋಡುತ್ತ ಕೂತರೆ ಶತ್ರು ಹೊಡೆದು ಹೋಗುತ್ತಾನೆ. ಆ ಸರಣಿ ಮುಂದೆ ಪ್ರತಿ ಆಟದಲ್ಲೂ ಯುದ್ಧವನ್ನು ಹೊಸದಾಗಿ ಕಟ್ಟುತ್ತ, 2016ರ ಹದಿನೈದನೆಯದಕ್ಕೆ ಬರುವ ಹೊತ್ತಿಗೆ ಪೂರ್ತಿ ಚಲಿಸುವ ಕಾಳಗವಾಗಿತ್ತು. ಅವರ ಅಭಿಮಾನಿಗಳು ಕಾಯುವುದೇ ಏನು ಬದಲಾಯಿತೆಂದು ನೋಡಲು. ಡ್ರ್ಯಾಗನ್ ಕ್ವೆಸ್ಟ್‌ನವರು ಕಾಯುವುದು ಏನು ಬದಲಾಗಲಿಲ್ಲ ಎಂದು ಖಚಿತಪಡಿಸಿಕೊಳ್ಳಲು. ಎರಡನೆಯವರನ್ನು ಸಂಪ್ರದಾಯವಾದಿಗಳೆಂದು ತಳ್ಳಿಹಾಕುವುದು ಸುಲಭ. ನಾನು ಹಾಗೆ ಮಾಡಲಾರೆ.

2006ರ ಡಿಸೆಂಬರ್ 12ರಂದು ಆದದ್ದು ಯಾಕೆ ಎಂಬುದು ಆಗ ಮಾತ್ರ ಅರ್ಥವಾಗುತ್ತದೆ. ಅವತ್ತು ಒಂಬತ್ತನೆಯ ಆಟದ ಘೋಷಣೆಯಾಯಿತು. ಮೊದಲ ಅಚ್ಚರಿ, ಅದು ಟಿವಿಗೆ ಜೋಡಿಸುವ ಯಂತ್ರಕ್ಕಲ್ಲ, ಕೈಯಲ್ಲಿ ಹಿಡಿಯುವ ಪುಟ್ಟ ನಿಂಟೆಂಡೋ ಡಿಎಸ್‌ಗೆ ಬರುತ್ತಿತ್ತು. ಎರಡನೆಯದು ಯುದ್ಧದ ದೃಶ್ಯ. ಪಟ್ಟಿಯಿಲ್ಲ, ಸರದಿಯಿಲ್ಲ, ನಾಲ್ವರು ವೀರರು ಬಯಲಿನಲ್ಲಿ ಓಡಾಡುತ್ತ, ಗುಂಡಿ ಒತ್ತಿದಂತೆಲ್ಲ ಶತ್ರುಗಳನ್ನು ಬಡಿಯುತ್ತಿದ್ದರು. ಗೆಳೆಯರು ಒಟ್ಟಾಗಿ ಆಡಲೆಂದು ಹಾಗೆ ಕಟ್ಟಲಾಗಿತ್ತು. ಅಭಿಮಾನಿಗಳು ಸಿಟ್ಟಾದರು. ಇದು ಡ್ರ್ಯಾಗನ್ ಕ್ವೆಸ್ಟೇ ಅಲ್ಲ ಎಂದರು. ಮುಂದಿನ ವರ್ಷ ಆಟವನ್ನು ಮತ್ತೆ ತೋರಿಸಿದಾಗ ಪಟ್ಟಿ ತನ್ನ ಜಾಗಕ್ಕೆ ಮರಳಿತ್ತು.

ಕೂಗಾಡಿದ್ದಕ್ಕೆ ಕಲೆಗಾರ ಬಾಗಿದನೆಂದು ಇದನ್ನು ಓದಬಹುದು. ನನಗೆ ಕಾಣುವುದು ಬೇರೆ. 1986ರಲ್ಲಿ ಹತ್ತು ವರ್ಷದವನಾಗಿದ್ದ ಹುಡುಗನಿಗೆ 2006ರಲ್ಲಿ ಮೂವತ್ತು. ದುಡಿದು ಬಂದು ರಾತ್ರಿ ಕೂತವನಿಗೆ ಬೇಕಾಗಿದ್ದುದು, ತನ್ನ ಬೆರಳಿನ ಚುರುಕನ್ನು ಪರೀಕ್ಷಿಸದ ಒಂದು ಶತ್ರು. ಚಹಾ ಮಾಡಿಕೊಂಡು ಬರುವವರೆಗೆ ಕಾಯುವ ರಾಕ್ಷಸ. ಅಜ್ಜಿಯೂ ಮೊಮ್ಮಗನೂ ಒಂದೇ ಆಟವನ್ನು ಒಂದೇ ಸಾಮರ್ಥ್ಯದಿಂದ ಆಡಬಹುದಾದದ್ದು ಆ ಪಟ್ಟಿಯಿಂದ. ನನ್ನ ಕೈಯೂ ಚುರುಕಿನದಲ್ಲ, ಹಾಗಾಗಿ ಇಲ್ಲಿ ನಾನು ನಿಷ್ಪಕ್ಷಪಾತಿಯೆಂದು ಹೇಳಿಕೊಳ್ಳುವುದಿಲ್ಲ.

ಆಟ ಮುಂದೆ ಹೋಗುತ್ತ ಹೋಯಿತು. ಕೊನೆಗೆ 2009ರ ಮಾರ್ಚ್ 28 ಎಂದು ಗೊತ್ತುಮಾಡಿ, ದೋಷಗಳು ಕಂಡದ್ದರಿಂದ ಜುಲೈ 11ಕ್ಕೆ ತಳ್ಳಿದರು. ಅದೂ ಶನಿವಾರವೇ. ವರ್ಷ ಮುಗಿಯುವಷ್ಟರಲ್ಲಿ ಜಪಾನಿನಲ್ಲಿ 40 ಲಕ್ಷಕ್ಕೂ ಹೆಚ್ಚು ಪ್ರತಿಗಳು ಹೋದವು. ಇನ್ನೊಂದು ವಿಚಿತ್ರವೂ ನಡೆಯಿತು. ಎದುರಾದವರ ಯಂತ್ರಗಳು ತಾವಾಗಿಯೇ ನಿಧಿಯ ನಕಾಶೆಗಳನ್ನು ವಿನಿಮಯ ಮಾಡಿಕೊಳ್ಳುವ ಸೌಲಭ್ಯ ಅದರಲ್ಲಿತ್ತು. ಅದಕ್ಕಾಗಿ ಟೋಕಿಯೋದ ಅಕಿಹಬಾರಾದಲ್ಲಿ ದೊಡ್ಡ ಅಂಗಡಿಯ ಬಳಿ ಜನ ಜೇಬಿನಲ್ಲಿ ಆಟ ಇಟ್ಟುಕೊಂಡು ಸುಮ್ಮನೆ ನಿಲ್ಲತೊಡಗಿದರು. ಕೊಂಡ ಮೇಲೂ ಅಂಗಡಿಯ ಮುಂದೆ ನಿಂತವರು!

2017ರ ಹನ್ನೊಂದನೆಯ ಆಟ ಈ ಜಗಳಕ್ಕೆ ಕೊಟ್ಟ ಉತ್ತರ ನನಗೆ ಬಹಳ ಇಷ್ಟ. ಅಲ್ಲಿ ಯುದ್ಧದ ನಡುವೆ ನಿಮ್ಮ ವೀರನನ್ನು ಬಯಲಿನಲ್ಲಿ ಎಲ್ಲಿ ಬೇಕಾದರೂ ಓಡಾಡಿಸಬಹುದು, ರಾಕ್ಷಸನ ಬೆನ್ನ ಹಿಂದೆಯೂ ನಿಲ್ಲಿಸಬಹುದು. ಅದರಿಂದ ಏನೂ ಆಗುವುದಿಲ್ಲ. ಪೆಟ್ಟು ಹೆಚ್ಚಾಗುವುದಿಲ್ಲ, ತಪ್ಪುವುದೂ ಇಲ್ಲ. ಓಡಾಡುವ ಆಸೆಯಿದ್ದವರು ಓಡಾಡಲಿ, ಸರದಿ ಮಾತ್ರ ಸರದಿಯೇ.

ಹನ್ನೆರಡನೆಯದನ್ನು ಘೋಷಿಸಿದ್ದು 2021ರ ಮೇ 27, ಸರಣಿಗೆ ಮೂವತ್ತೈದು ತುಂಬಿದ ದಿನ. ತೋರಿಸಿದ್ದು ಶೀರ್ಷಿಕೆಯನ್ನಷ್ಟೇ, ಯುದ್ಧದ ಒಂದು ತುಣುಕೂ ಇಲ್ಲ. ಆಜ್ಞೆಯ ಯುದ್ಧವನ್ನು ತೆಗೆದುಹಾಕುವುದಿಲ್ಲ, ಆದರೆ ಹೊಸದಾಗಿಸುತ್ತೇವೆ ಎಂದು ಹೋರಿಯಿ ತಿಳಿಸಿದ. ಇಷ್ಟೇ ಮಾತಿನ ಮೇಲೆ ಅಭಿಮಾನಿಗಳು ಪದಪದವನ್ನೂ ಬಿಡಿಸಿ ಭಾಷ್ಯ ಬರೆದರು. ಅದೇ ಸೆಪ್ಟೆಂಬರಿನಲ್ಲಿ, ಮೊದಲ ಆಟದಿಂದಲೂ ಸಂಗೀತ ಕೊಟ್ಟ ಕೋಯಿಚಿ ಸುಗಿಯಾಮಾ 90ನೇ ವಯಸ್ಸಿನಲ್ಲಿ ತೀರಿಕೊಂಡರು. 2024ರ ಮಾರ್ಚ್ 1ರಂದು ತೊರಿಯಾಮಾ, 68 ವರ್ಷಕ್ಕೆ. ಮೂವರಲ್ಲಿ ಹೋರಿಯಿ ಒಬ್ಬನೇ ಉಳಿದ. ಕಾಯುತ್ತಿದ್ದವರಿಗೆ ಆ ಆಟವೀಗ ಇಬ್ಬರ ಕೊನೆಯ ಕೆಲಸವೂ ಹೌದು.

ಅದರ ನಡುವೆ 2024ರ ನವೆಂಬರ್ 14ರಂದು ಮೂರನೆಯ ಆಟ ಹೊಸ ರೂಪದಲ್ಲಿ ಬಂತು. ಅವತ್ತು ಗುರುವಾರ. ಮಧ್ಯರಾತ್ರಿ ಮನೆಯಲ್ಲೇ ಇಳಿಸಿಕೊಳ್ಳಬಹುದಾದ ಆಟಕ್ಕೆ ರಜೆಯ ದಿನದ ಅಗತ್ಯವೂ ಇಲ್ಲ, ಸಾಲಿನ ಅಗತ್ಯವೂ ಇಲ್ಲ. ಯುದ್ಧ ಶುರುವಾದರೆ ರಾಕ್ಷಸರು ಈಗಲೂ ಎದುರಿಗೆ ನಿಂತು ನೋಡುತ್ತಾರೆ, ಪಟ್ಟಿ ತೆರೆಯುತ್ತದೆ. ಹೊಸದಾಗಿ ಸೇರಿದ್ದು ವೇಗದ ಮೂರು ಹಂತಗಳು. ವಾಕ್ಯಗಳು ಕಣ್ಣಿಗೆ ಸಿಗದಷ್ಟು ಬೇಗ ಓಡುವ ಹಾಗೆ ಮಾಡಿಕೊಳ್ಳಬಹುದು. ಎಷ್ಟು ಬೇಗ ಓಡಿಸಿದರೂ, ಸುತ್ತು ಮುಗಿದು ಪಟ್ಟಿ ಮತ್ತೆ ತೆರೆದಾಗ ಎಲ್ಲವೂ ನಿಲ್ಲುತ್ತದೆ, ನೀವು ಗುಂಡಿ ಒತ್ತುವವರೆಗೆ.