ಮಧು: ಜೇನಿಗೂ ದ್ರಾಕ್ಷಿಗೂ ಒಂದೇ ಹೆಸರು

ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿ ಸುರಾಧ್ಯಕ್ಷ ಎಂಬ ಅಧಿಕಾರಿಯ ಕೆಲಸಗಳನ್ನು ಹೇಳುವ ಅಧ್ಯಾಯವೊಂದಿದೆ. ಅಲ್ಲಿ ಮೇದಕ, ಪ್ರಸನ್ನ, ಆಸವ, ಅರಿಷ್ಟ, ಮೈರೇಯ, ಮಧು ಎಂದು ಆರು ಬಗೆಯ ಪಾನೀಯಗಳ ಪಟ್ಟಿ ಬರುತ್ತದೆ. ಅಕ್ಕಿಯಿಂದ ಮಾಡಿದ್ದು ಮೇದಕ; ದ್ರಾಕ್ಷಿಯ ರಸದಿಂದ ಆದದ್ದು ಮಧು. ಮೇದಕ, ಆಸವಗಳಿಗೆ ಯಾವುದನ್ನು ಎಷ್ಟು ಬೆರೆಸಬೇಕೆಂದು ಲೆಕ್ಕ ಹೇಳುವ ಕೌಟಿಲ್ಯ, ಮಧುವಿಗೆ ಬಂದಾಗ ಲೆಕ್ಕ ಬಿಟ್ಟುಬಿಡುತ್ತಾನೆ. ಹುಟ್ಟಿದ ನಾಡೇ ಅದರ ವಿವರಣೆ ಎಂದು ಹೇಳಿ, ಕಾಪಿಶಾಯನ, ಹಾರಹೂರಕ ಎಂಬ ಎರಡು ಹೆಸರು ಕೊಟ್ಟು ಮುಗಿಸುತ್ತಾನೆ. ಕಾಪಿಶಿ ಎಂದರೆ ಇಂದಿನ ಕಾಬೂಲಿನ ಉತ್ತರಕ್ಕಿರುವ ಬೆಗ್ರಾಮ್ ಸುತ್ತಲಿನ ಸೀಮೆ. ಆ ಊರಿನ ಹೆಸರಿನಿಂದ ಕಾಪಿಶಾಯನ ಎಂಬ ರೂಪ ಹೇಗೆ ಆಗುತ್ತದೆಂದು ಹೇಳಲು ಪಾಣಿನಿಯೇ ಒಂದು ಸೂತ್ರ ಬರೆದಿದ್ದಾನೆ. ವೈನನ್ನು ಅದು ಬೆಳೆದ ಮಣ್ಣಿನ ಹೆಸರಿನಿಂದ ಕರೆಯುವ ಪದ್ಧತಿ ಯುರೋಪಿನದೇ ಎಂದು ನಂಬಿರುವವರು ಈ ಅಧ್ಯಾಯವನ್ನು ಒಮ್ಮೆ ಓದಬೇಕು.

ಆದರೆ ಮಧು ಹುಟ್ಟಿದ್ದು ದ್ರಾಕ್ಷಿಯ ತೋಟದಲ್ಲಲ್ಲ, ಜೇನುಗೂಡಿನಲ್ಲಿ. ನೀರಿನಲ್ಲಿ ಕದಡಿದ ಜೇನು ಕೆಲವು ದಿನ ಹಾಗೇ ಇದ್ದರೆ ತಾನೇ ಹುದುಗುತ್ತದೆ. ಹಾಗಾಗಿ ಜೇನಿಗೂ ಜೇನಿನಿಂದಾದ ಪಾನೀಯಕ್ಕೂ ಹಳೆಯ ಕಾಲದಲ್ಲಿ ಒಂದೇ ಪದ ಸಾಕಾಗುತ್ತಿತ್ತು. ಇಂಗ್ಲಿಷಿನ ಮೀಡ್, ಜರ್ಮನ್ನಿನ ಮೆಟ್, ಲಿಥುವೇನಿಯಾದ ಮೆದುಸ್, ರಷ್ಯನ್ನಿನ ಮ್ಯೋದ್ ಎಲ್ಲವೂ ಮಧುವಿನ ಒಡಹುಟ್ಟುಗಳು. ಗ್ರೀಕರಲ್ಲಿ ಇದೇ ಪದ ಮೆಥು ಎಂದಾಗಿ ವೈನಿಗೆ ನಿಂತಿತು. ಅಮಲೇರಿಸದ ಕಲ್ಲು ಎಂಬ ಅರ್ಥದ ಅಮೆಥಿಸ್ಟ್ ಬಂದದ್ದು ಅಲ್ಲಿಂದಲೇ. ಚೀನೀ ಭಾಷೆಯಲ್ಲಿ ಜೇನಿಗಿರುವ ‘ಮಿ’ ಎಂಬ ಮಾತೂ ಮಧ್ಯ ಏಷ್ಯಾದ ತೊಖಾರಿಯನ್ ಭಾಷೆಯ ಮೂಲಕ ಇದೇ ಮೂಲದಿಂದ ಹೋದದ್ದು. ಅಮರಕೋಶವು ಮಧುವಿಗೆ ಮದ್ಯ, ಹೂವಿನ ರಸ, ಜೇನು ಎಂದು ಮೂರು ಅರ್ಥಗಳನ್ನೂ ಒಟ್ಟಿಗೇ ಕೊಡುತ್ತದೆ.

ಕನ್ನಡಕ್ಕೆ ಈ ಪದ ಬಂದಾಗ ನಮ್ಮಲ್ಲಿ ಆಗಲೇ ಜೇನು ಇತ್ತು, ಕಳ್ಳೂ ಇತ್ತು. ಜೇನು ತಮಿಳಿನ ತೇನ್, ತೆಲುಗಿನ ತೇನೆಗಳ ನಂಟಿನದು. ದಿನಬಳಕೆಯ ಎರಡೂ ಜಾಗ ತುಂಬಿದ್ದರಿಂದ ಮಧು ಅಡುಗೆಮನೆಗೂ ಇಳಿಯಲಿಲ್ಲ, ಈಚಲವನಕ್ಕೂ ಹೋಗಲಿಲ್ಲ. ಗ್ರಂಥದಲ್ಲಿ, ಪೂಜೆಯಲ್ಲಿ, ಕಾವ್ಯದಲ್ಲಿ ನೆಲೆಸಿತು. ಧಾರೆಗೆ ಮುನ್ನ ವರನಿಗೆ ಕೊಡುವುದು ಮಧುಪರ್ಕ. ಚೈತ್ರಕ್ಕೆ ಮಧುಮಾಸ ಎಂಬ ಹೆಸರಿದೆ. ಹರಿದಾಸರು ಮನೆಮನೆಗೆ ಹೋಗಿ ಬೇಡುವುದನ್ನು ಮಧುಕರ ವೃತ್ತಿ ಎಂದರು. ಆರು ರುಚಿಗಳಲ್ಲಿ ಮೊದಲನೆಯದು ಮಧುರ. ವೈದ್ಯರಿಗೆ ಅದು ಮಧುಮೇಹವಾಯಿತು, ಹೊಸ ಜೋಡಿಗಳಿಗೆ ಮಧುಚಂದ್ರವಾಯಿತು. ಹೀಗೆ ಕನ್ನಡದ ಮಧು ಬಹುಮಟ್ಟಿಗೆ ಸಿಹಿಯ ಹೆಸರಾಗಿ ಉಳಿದು, ಕೌಟಿಲ್ಯ ಹೇಳಿದ ದ್ರಾಕ್ಷಿಯ ಅರ್ಥ ಮರೆಗೆ ಸರಿಯಿತು. ಬೈಬಲ್ಲಿನ ಅನುವಾದಕರು ದ್ರಾಕ್ಷಾರಸ ಎಂದರು, ಆಯುರ್ವೇದದ ಅಂಗಡಿಯಲ್ಲಿ ದ್ರಾಕ್ಷಾರಿಷ್ಟ ಇದೆ, ಉಳಿದವರು ವೈನ್ ಎನ್ನುತ್ತೇವೆ.

ಮರೆತ ಅರ್ಥ ಬೇರೊಂದು ವೇಷದಲ್ಲಿ ಬದುಕಿರುವುದನ್ನು ಹೈದರಾಬಾದಿನಲ್ಲಿ ನೋಡಬಹುದು. ಪ್ರಾಚೀನ ಇರಾನಿನಲ್ಲಿ ಮಧುವಿನ ಸೋದರ ಪದ ‘ಮದು’ ದ್ರಾಕ್ಷಿಯ ಪಾನೀಯಕ್ಕೇ ನಿಂತು, ಮುಂದೆ ಪಾರಸಿಯಲ್ಲಿ ಸವೆದು ‘ಮಯ್’ ಆಯಿತು ಎಂಬುದು ಹಲವು ಭಾಷಾಶಾಸ್ತ್ರಜ್ಞರ ಅಭಿಪ್ರಾಯ. ಉರ್ದು ಗಜಲುಗಳ ಮಯ್‌ಖಾನಾ ಇದರ ಮನೆ. 1591ರಲ್ಲಿ ಈ ನಗರವನ್ನು ಕಟ್ಟಿದ ಮುಹಮ್ಮದ್ ಕುಲಿ ಕುತುಬ್ ಷಾ ಸ್ವತಃ ದಖನಿಯಲ್ಲಿ ಕವಿತೆ ಬರೆದವನು. 1956ರವರೆಗೆ ಬೀದರ್, ಗುಲಬರ್ಗಾ, ರಾಯಚೂರಿನ ಕನ್ನಡಿಗರಿಗೆ ಹೈದರಾಬಾದೇ ರಾಜಧಾನಿ. ಶಾಲೆಯಲ್ಲಿ ಉರ್ದು, ಮನೆಯಲ್ಲಿ ಕನ್ನಡ ಎಂದು ಬೆಳೆದ ಆ ತಲೆಮಾರು ಮಯ್ ಮತ್ತು ಮಧು ಎರಡನ್ನೂ ನಾಲಿಗೆಯ ಮೇಲೆ ಇಟ್ಟುಕೊಂಡಿತ್ತು. ದ್ರಾಕ್ಷಿಯೂ ಈ ಊರಿಗೆ ಹೊಸದಲ್ಲ. ಅನಾಬ್-ಎ-ಶಾಹಿ, ಅಂದರೆ ರಾಜಯೋಗ್ಯ ದ್ರಾಕ್ಷಿ, ಹೈದರಾಬಾದಿನ ತೋಟಗಳಿಂದಲೇ ದಕ್ಷಿಣಕ್ಕೆಲ್ಲ ಹಬ್ಬಿದ ತಳಿ. ಆದರೆ ಅದು ಮುಖ್ಯವಾಗಿ ತಿನ್ನುವ ಹಣ್ಣು.

ಮಯ್, ಮಧು ಎಂಬ ಈ ಅಕ್ಕತಂಗಿಯರ ಜೊತೆಗೆ ಮೆಟ್ ಪದದ ನಾಡಾದ ಜರ್ಮನಿಯ ರೀಸ್ಲಿಂಗೂ ಸೇರಿದ್ದು ನಮ್ಮ ಹೈದರಾಬಾದಿನ ಮನೆಯ ಮೇಜಿನ ಮೇಲೆ. ರೀಸ್ಲಿಂಗ್ ಬಿಳಿ ದ್ರಾಕ್ಷಿಯ ತಳಿ. ಅದರ ಹೆಸರು ಮೊದಲು ದಾಖಲಾದದ್ದು 1435ರಲ್ಲಿ, ಜರ್ಮನಿಯ ರುಸ್ಸೆಲ್ಸ್‌ಹೈಮಿನ ಲೆಕ್ಕಪತ್ರದಲ್ಲಿ. ಮೇಜಿನ ಮೇಲಿದ್ದವು ಎರಡು ಸೀಸೆ: ಒಂದು ಜರ್ಮನಿಯ ಮೋಸೆಲ್ ಕಣಿವೆಯದು, ಇನ್ನೊಂದು ಆಸ್ಟ್ರಿಯಾದ ವಾಖೌದ್ದು. ಮೋಸೆಲ್‌ನ ಕಡಿದಾದ ಇಳಿಜಾರಿನಲ್ಲಿರುವ ಸ್ಲೇಟು ಕಲ್ಲು ಹಗಲಿನ ಬಿಸಿಲನ್ನು ಹಿಡಿದಿಟ್ಟು ಹಣ್ಣು ಮಾಗಿಸುತ್ತದೆ. ವಾಖೌದಲ್ಲಿ ಡ್ಯಾನ್ಯೂಬ್ ನದಿಯ ದಡದ ಮೇಲೆ ಕಲ್ಲಿನ ಕಟ್ಟೆ ಕಟ್ಟಿ ಮೆಟ್ಟಿಲು ಮೆಟ್ಟಿಲಾಗಿ ಬಳ್ಳಿ ಬೆಳೆಸುತ್ತಾರೆ. ಅಲ್ಲಿನವರು ವೈನನ್ನು ಹಗುರದಿಂದ ಗಾಢಕ್ಕೆ ಸ್ಟೈನ್‌ಫೆಡರ್, ಫೆಡರ್‌ಸ್ಪೀಲ್, ಸ್ಮಾರಾಗ್ಡ್ ಎಂದು ಮೂರು ದರ್ಜೆ ಮಾಡಿದ್ದಾರೆ. ಕೊನೆಯದು ಆ ತೋಟಗಳಲ್ಲಿ ಬಿಸಿಲು ಕಾಯಿಸುವ ಹಸಿರು ಹಲ್ಲಿಯ ಹೆಸರು.

ಎರಡನ್ನೂ ತಣ್ಣಗೆ ಮಾಡಿ ಒಂದೇ ಆಕಾರದ ಲೋಟಗಳಿಗೆ ಸ್ವಲ್ಪ ಸ್ವಲ್ಪ ಬಗ್ಗಿಸಿದೆವು. ಸಿಹಿ ಮೊದಲು ಕುಡಿದರೆ ಆಮೇಲಿನದು ಬರೀ ಹುಳಿ ಎನಿಸುತ್ತದೆ, ಆದ್ದರಿಂದ ಡ್ರೈ, ಅಂದರೆ ಸಿಹಿಯಿಲ್ಲದ, ಆಸ್ಟ್ರಿಯಾದ್ದು ಮೊದಲು. ಕಲಬುರಗಿಯ ಗೆಳೆಯರೊಬ್ಬರು ಲೋಟವನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಒಂದು ಗುಟುಕು ಕುಡಿದು, “ಜೇನಿನ ವಾಸನಿ ಬರ್ತದ್ರಿ, ಬಾಯಾಗ ಮಾತ್ರ ಸೀ ಇಲ್ಲ” ಎಂದರು. ವಯಸ್ಸಾದ ರೀಸ್ಲಿಂಗಿನ ಗುಣವನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ. ದ್ರಾಕ್ಷಿಯ ಸಕ್ಕರೆಯನ್ನೆಲ್ಲ ಯೀಸ್ಟು ತಿಂದು ಮದ್ಯಸಾರ ಮಾಡಿದೆ, ಜೇನಿನ ಪರಿಮಳ ಮಾತ್ರ ಉಳಿದಿದೆ. ಮೋಸೆಲ್‌ನದರಲ್ಲಿ ಹುದುಗನ್ನು ನಡುವೆಯೇ ನಿಲ್ಲಿಸಿರುವುದರಿಂದ ಸಕ್ಕರೆಯೂ ಉಂಟು, ಮದ್ಯಸಾರ ಕಡಿಮೆ. ರೀಸ್ಲಿಂಗ್ ಸೀಸೆಯ ಚೀಟಿಯಲ್ಲಿ ಮದ್ಯಸಾರ ಶೇಕಡ 8 ಎಂದಿದ್ದರೆ ಸಿಹಿ ಇದೆಯೆಂದೂ 12 ದಾಟಿದ್ದರೆ ಬಹುಮಟ್ಟಿಗೆ ಡ್ರೈ ಎಂದೂ ತಿಳಿಯಬಹುದು. ಬಿರಿಯಾನಿ, ಮಿರ್ಚಿ ಕಾ ಸಾಲನ್ ಬಂದಾಗ ಮೋಸೆಲ್ ಗೆದ್ದಿತು: ಸಿಹಿ ಖಾರವನ್ನು ತಣಿಸುತ್ತದೆ, ಮದ್ಯಸಾರ ಹೆಚ್ಚಿದ್ದರೆ ಉರಿ ಏರುತ್ತದೆ. ಬರೀ ಪಾನೀಯವಾಗಿ ನನಗೆ ಮೆಚ್ಚಾದದ್ದು ವಾಖೌ.

ಸಿಹಿಯೇ ಮಧುವಿನ ಅಳತೆ ಎಂದುಕೊಂಡರೆ ಆಗುವ ಅನಾಹುತವನ್ನು ಆಸ್ಟ್ರಿಯಾ ಕಂಡಿದೆ. 1985ರಲ್ಲಿ ಅಲ್ಲಿನ ಕೆಲವು ವ್ಯಾಪಾರಿಗಳು ವೈನ್ ಹೆಚ್ಚು ಸಿಹಿಯಾಗಿ, ಮಂದವಾಗಿ ಇರಲೆಂದು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆಸಿದ್ದು ಬಯಲಾಯಿತು. ರಫ್ತು ಕುಸಿಯಿತು, ಕಟ್ಟುನಿಟ್ಟಿನ ಕಾನೂನು ಬಂತು, ಆ ದೇಶ ಡ್ರೈ ವೈನಿನ ಕಡೆ ಹೊರಳಿತು. ಇಂದು ವಾಖೌ ಹೆಸರಾಗಿರುವುದು ಕಡಿಮೆ ಸಿಹಿಯ ವೈನಿಗೆ.

ಇನ್ನು ಬರವಣಿಗೆಯ ಮಾತು. ಮದ್ಯ ಬಂದದ್ದು ಅಮಲೇರು ಎಂಬ ಅರ್ಥದ ‘ಮದ್’ ಧಾತುವಿನಿಂದ. ಅದಕ್ಕೆ ಮಹಾಪ್ರಾಣ ಇಲ್ಲ. ಮಧು ಬೇರೆ ಕುಲದ್ದು, ಅದಕ್ಕೆ ಮಹಾಪ್ರಾಣ ಬೇಕು. ಮಧ್ಯ ಎಂದರೆ ನಡು. ಫಲಕಗಳಲ್ಲಿ, ಪತ್ರಿಕೆಗಳಲ್ಲಿ ‘ಮಧ್ಯಪಾನ’ ಎಂದು ಬರೆದವರಿಗೆ ಅಡ್ಡ ಬಂದದ್ದು ಇದೇ ಮಧು. ಮದುಮಗನನ್ನು ‘ಮಧುಮಗ’ ಮಾಡುವುದೂ ಇದರ ನೆರಳೇ. ಮದುವೆ ದ್ರಾವಿಡ ಮೂಲದ್ದು, ತುಳುವಿನ ಮದಿಮೆ ಅದರ ಬಂಧು. ಕುವೆಂಪು ತಮ್ಮ ಕಾದಂಬರಿಗೆ ‘ಮಲೆಗಳಲ್ಲಿ ಮದುಮಗಳು’ ಎಂದೇ ಹೆಸರಿಟ್ಟರು.

ಕರ್ನಾಟಕ 2007ರಲ್ಲಿ ವೈನ್ ನೀತಿ ತಂದಿತು. ನಂದಿಬೆಟ್ಟದ ಬುಡದಲ್ಲಿ ಇಂದು ವೈನಿನ ತೋಟಗಳಿವೆ. ಅದರ ಬಗ್ಗೆ ಕನ್ನಡದಲ್ಲಿ ಬರೆಯುವವರು ಹೆಚ್ಚಲಿದ್ದಾರೆ. ಅವರಲ್ಲಿ ನನ್ನದೊಂದು ಬಿನ್ನಹ: ಅಮಲನ್ನು ಹೇಳುವಾಗ ಮದ್ಯ ಎನ್ನಿ, ದ್ರಾಕ್ಷಿಯ ಪಾನೀಯವನ್ನು ಅದರ ಊರು, ಮಣ್ಣು, ಪರಿಮಳ ಸಹಿತ ಹೇಳುವಾಗ ಮಧು ಎನ್ನಿ. ಸುಮಾರು ಎರಡು ಸಾವಿರ ವರ್ಷದ ಹಿಂದೆಯೇ ಆ ಪದಕ್ಕೆ ಆ ಅರ್ಥವಿತ್ತು. ಅದನ್ನು ಮತ್ತೆ ಬಳಕೆಗೆ ತರಲು ಯಾರ ಅಪ್ಪಣೆಯೂ ಬೇಕಿಲ್ಲ.